ಆ ಸೋಮವಾರದ ಕಣ್ಣೀರು

ಶಂಕ್ರೆಪ್ಪ ಕುಡಿದವನಲ್ಲ, ಇಸ್ಪೀಟು ಮುಟ್ಟಿದವನಲ್ಲ. ಕೊಹೀರಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡು, ಊರವರ ಜೋಳ ಬೀಸಿಕೊಡುತ್ತಾ, ಹುಬ್ಬು ಸಹ ಬೆಳ್ಳಗೆ ಮಾಡಿಕೊಂಡ ಮನುಷ್ಯ. ಅವನಿಗಿದ್ದ ಚಟ ಒಂದೇ. ದೊಡ್ಡ ದೊಡ್ಡ ಕಲಾವಿದರು ಒಂದೇ ವೇದಿಕೆಯ ಮೇಲೆ ಕೂಡಿ ನಡೆಸಿದ ಸಂಗೀತ ಕಛೇರಿಗಳ ಸಿನಿಮಾಗಳು ಇರುತ್ತವಲ್ಲ, ಅವನ್ನು ಫೋನಿನಲ್ಲಿ ಹಾಕಿಕೊಂಡು ನೋಡುವುದು.

ಬರೀ ಕೇಳುವುದಾದರೆ ರೇಡಿಯೊ ಸಾಕಿತ್ತು. ಅವನಿಗೆ ಬೇಕಾದದ್ದು ಅವರ ಮುಖ. ಒಂದು ಸಿನಿಮಾವನ್ನಂತೂ ಲೆಕ್ಕವಿಲ್ಲದಷ್ಟು ಸಲ ನೋಡಿದ್ದ. ಅದರಲ್ಲಿ ಒಬ್ಬರು ಮುದುಕರು ಹಾಡುತ್ತಾರೆ, ಒಬ್ಬರದು ಸಾರಂಗಿ, ಒಬ್ಬರದು ತಬಲಾ. ಹಾಡುವವರು ಒಂದು ತಾನಿನ ಸ್ವರಗಳ ಬೆನ್ನು ಹತ್ತಿ ಎಲ್ಲಿಗೋ ಹೊರಟೇಬಿಡುತ್ತಾರೆ. ಇನ್ನು ಇವರು ತಾಳಕ್ಕೆ ಬರುವುದಿಲ್ಲ, ಕೆಲಸ ಕೆಟ್ಟಿತು ಅನ್ನುವ ಹೊತ್ತಿಗೆ ತಬಲದವರು ಸಾರಂಗಿಯವರ ಕಡೆ ನೋಡಿ ಮೀಸೆಯಲ್ಲೇ ನಗುತ್ತಾರೆ. ಬರ್ತಾರ, ಸ್ವಲ್ಪ ತಡಿ ಅನ್ನುವ ಹಾಗೆ. ಮರುಗಳಿಗೆಗೆ ಮೂವರೂ ತಾಳದ ಒಂದೇ ಪೆಟ್ಟಿಗೆ ಬಂದು ಕೂಡುತ್ತಾರೆ. ಕೂಡಿದೆವಲ್ಲ ಅಂತ ಮೂವರೂ ಸಣ್ಣ ಮಕ್ಕಳ ಹಾಗೆ ನಗುತ್ತಾರೆ. ಅಷ್ಟು ದೊಡ್ಡ ವಿದ್ವಾಂಸರು ಒಬ್ಬರನ್ನೊಬ್ಬರು ನೋಡಿ ಅಷ್ಟು ಖುಷಿಪಡುವುದನ್ನು ಕಂಡರೆ ಶಂಕ್ರೆಪ್ಪನಿಗೆ ಕಣ್ಣು ತುಂಬಿ ಬರುತ್ತಿತ್ತು. ದುಃಖಕ್ಕಲ್ಲ, ತಡೆಯಲಾರದ ಸಂತೋಷಕ್ಕೆ.

ಆ ಸಂತೋಷವೇ ಅವನನ್ನು ಹಾಳು ಮಾಡಿತು.

ಅವನ ಹೆಂಡತಿ ಶಿವಕಾಂತಾ ಪ್ರತಿ ಸೋಮವಾರ ಸಂಜೆ ಈಶ್ವರನ ಗುಡಿಯಲ್ಲಿ ಹೆಂಗಸರ ಭಜನೆಗೆ ಹೋಗುತ್ತಿದ್ದಳು. ಮೇಳದ ಮುಂದಾಳು ಸುಮಿತ್ರಾಬಾಯಿ, ಗಂಡುದನಿಯ ಗಟ್ಟಿಗಿತ್ತಿ. ಶಿವಕಾಂತಳದು ಸಣ್ಣ ದನಿ. ಸುಮಿತ್ರಾಬಾಯಿಯ ಸೆರಗು ಹಿಡಿದುಕೊಂಡೇ ನಡೆಯುವ ದನಿ. ಶಂಕ್ರೆಪ್ಪ ಅವಳನ್ನು ಗಾಡಿಯ ಮೇಲೆ ಕರೆತಂದು, ಹಿಂದಿನ ಕಂಬಕ್ಕೆ ಒರಗಿ ಕೂತು, ಮುಗಿದ ಮೇಲೆ ವಾಪಸ್ ಕರೆದುಕೊಂಡು ಹೋಗುತ್ತಿದ್ದ. ಮನೆಯ ಹಾಡು, ಎಲ್ಲಿಗೆ ಓಡಿಹೋಗುತ್ತದೆ ಅನ್ನುವುದು ಅವನ ಲೆಕ್ಕ. ಎಲ್ಲ ಗಂಡಂದಿರ ಲೆಕ್ಕವೂ ಅದೇ ಬಿಡಿ.

ಭಜನೆಗೆ ಚಪ್ಪಾಳೆ ಹೊಡೆಯುವ ಪದ್ಧತಿ ಇಲ್ಲ. ಶಹಭಾಸ್ ಅನ್ನುವ ಹಾಗೂ ಇಲ್ಲ. ಕೇಳಲು ಕೂತವರ ಕಣ್ಣಲ್ಲಿ ನೀರು ಬಂದರೆ ಹಾಡಿದವಳ ಜನ್ಮ ಸಾರ್ಥಕ. ವರ್ಷಕ್ಕೊಮ್ಮೆ ಯಾರೋ ಒಬ್ಬರು ಅತ್ತರೆ ಆ ಮಾತು ಮುಂದಿನ ವರ್ಷದ ತನಕ ಓಡಾಡುತ್ತಿತ್ತು.

ಚಳಿಗಾಲದ ಒಂದು ಸೋಮವಾರ ಶಂಕ್ರೆಪ್ಪ ತಲೆಗೆ ಮಫ್ಲರ್ ಸುತ್ತಿ, ಮೈತುಂಬ ಶಾಲು ಹೊದ್ದು ಕೂತಿದ್ದ. ಕೊಹೀರಿನ ಚಳಿಗೆ ಎಲ್ಲರೂ ಹಾಗೇ ಕೂರುವುದು. ಆದರೆ ಇವನ ಮಫ್ಲರಿನೊಳಗೆ ಇಯರ್‌ಫೋನ್ ಇತ್ತು, ಶಾಲಿನ ಮಡಿಕೆಯಲ್ಲಿ ಫೋನಿತ್ತು. ತಬಲದವರು ನಕ್ಕರು, ಮೂವರೂ ಬಂದು ಕೂಡಿದರು, ಇವನ ಕಣ್ಣೀರು ಗಲ್ಲಕ್ಕಿಳಿಯಿತು. ತಲೆ ಎತ್ತಿದರೆ ಮೇಳದ ಹೆಂಗಸರೆಲ್ಲ ಇವನನ್ನೇ ನೋಡುತ್ತಿದ್ದರು. ಆಗ ತನ್ನ ಸರದಿಗೆ ಹಾಡುತ್ತಿದ್ದವಳು ಶಿವಕಾಂತಾ.

ಮನೆಗೆ ಬಂದು ಅವಳು ರೊಟ್ಟಿ ಬಡಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಏನ್ರಿ, ಇವತ್ತ ನನ್ನ ಪದಕ್ಕ ಕಣ್ಣಾಗ ನೀರು ತಂದ್ರಿ, ಹೌದಿಲ್ಲೋ?"

ಇಲ್ಲ ಅನ್ನಲು ಅದೊಂದೇ ಗಳಿಗೆ ಇತ್ತು. ಹೆಂಡತಿಯ ಮುಖದಲ್ಲಿ ಅಂಥ ಬೆಳಕನ್ನು ಅವನು ಮದುವೆಯ ದಿನವೂ ಕಂಡಿರಲಿಲ್ಲ. ಬಾಯಿಂದ "ಹೂಂ" ಅಂತ ಬಂದುಬಿಟ್ಟಿತು.

ಅಲ್ಲಿಗೆ ಮುಗಿಯಿತು. ಓಣಿಗೆ ಗೊತ್ತಾಯಿತು, ನಾರಾಯಣಖೇಡದಲ್ಲಿದ್ದ ಅವಳ ತಂಗಿಗೆ ಫೋನಿನಲ್ಲಿ ಗೊತ್ತಾಯಿತು. "ಗಿರಣಿ ಸಪ್ಪಳಕ್ಕ ಇವರ ಕಿವಿ ಸತ್ತು ಹೋಗ್ಯಾವ ಅಂತಿದ್ದೆ. ನನ್ನ ಪದಕ್ಕ ಅತ್ತಾರ ನೋಡವಾ," ಅನ್ನುತ್ತಿದ್ದಳು ಶಿವಕಾಂತಾ. ಒಲೆಯ ಮುಂದೆ ದನಿ ತೆಗೆದು ಹಾಡತೊಡಗಿದಳು. ಸುಮಿತ್ರಾಬಾಯಿಯ ಸೆರಗು ಬಿಟ್ಟು ಆ ದನಿ ತಾನೇ ನಡೆಯಲು ಕಲಿಯಿತು. ತಾಂಡೂರಿನ ಭಜನಾ ಸಮ್ಮೇಳನದಲ್ಲಿ ಮುಂದೆ ಕೂತು ಹಾಡು ಅಂದರೆ ಪ್ರತಿ ವರ್ಷ ಬೆನ್ನು ತಿರುಗಿಸುತ್ತಿದ್ದವಳು ಈ ಸಲ ಆಗಲಿ ಅಂದಳು.

ಶಂಕ್ರೆಪ್ಪ ಒಳಗೊಳಗೇ ಲೆಕ್ಕ ಹಾಕಿದ. ಸುಳ್ಳಿನ ಮೇಲೆ ಅವಳು ಮನೆ ಕಟ್ಟುತ್ತಿದ್ದಾಳೆ, ಇಟ್ಟಿಗೆ ಕೊಟ್ಟವನು ತಾನು. ಅವನು ಆ ಸಿನಿಮಾ ಹಾಕಿದರೆ ಮೂವರು ವಿದ್ವಾಂಸರೂ ತನ್ನನ್ನೇ ನೋಡಿ ನಗುತ್ತಿದ್ದಾರೆ ಅನಿಸತೊಡಗಿತು. ನೋಡುವುದನ್ನೇ ಬಿಟ್ಟ.

ತಾಂಡೂರಿನಲ್ಲಿ ಫೋನ್ ಬಂದ್ ಮಾಡಿ, ತಣ್ಣಗಿನ ಕಲ್ಲುಹಾಸಿನ ಮೇಲೆ ಎಲ್ಲರಿಗಿಂತ ಮುಂದೆ ಹೋಗಿ ಕೂತ. ಇವತ್ತು ಖರೇ ಅಳಬೇಕು, ಅತ್ತು ಸಾಲ ತೀರಿಸಬೇಕು ಅಂತ ಬಂದಿದ್ದ. ಶಿವಕಾಂತಾ ಹಾಡಿದಳು. ಮೂರನೆಯ ನುಡಿಗೆ ಬಂದಾಗ ದನಿಗೂಡಿಸುತ್ತಿದ್ದ ಸುಮಿತ್ರಾಬಾಯಿ ಮುಂದಿನ ಸಾಲಿನ ಮಾತು ಮರೆತಳು. ಶಿವಕಾಂತಾ ಗಾಬರಿಯಾಗಲಿಲ್ಲ. ಹಿಂದಿನ ಸಾಲನ್ನೇ ಎಳೆದು, ಇನ್ನೊಂದು ಸುತ್ತು ಹಾಕಿಸಿ, ಅವಳ ಕಡೆ ಹುಬ್ಬು ಕುಣಿಸಿದಳು. ಸುಮಿತ್ರಾಬಾಯಿ ಸಾಲು ಹಿಡಿದಳು. ಇಬ್ಬರೂ ತಾಳದ ಪೆಟ್ಟಿಗೆ ಸರಿಯಾಗಿ ಬಂದು ಕೂಡಿದರು, ಕೂಡಿ ನಕ್ಕರು.

ಅದೇ ನಗು! ಇಷ್ಟು ವರ್ಷ ಅಂಗೈಯಗಲದ ಗಾಜಿನಲ್ಲಿ ಹುಡುಕಿದ್ದು ತನ್ನ ಹೆಂಡತಿಯ ಮುಖದಲ್ಲೇ ಇತ್ತು. ಇವನು ಕಂಬಕ್ಕೆ ಒರಗಿ ಕೂತು ಎಷ್ಟು ಸೋಮವಾರಗಳನ್ನು ಕಳೆದುಕೊಂಡಿದ್ದ! ಸಾಲ ತೀರಿಸುವುದು ಮರೆತೇಹೋಯಿತು. ಶಂಕ್ರೆಪ್ಪನ ಬಾಯಿ ಕಿವಿಯ ತನಕ ಅಗಲವಾಯಿತು.

ಸರಿಯಾಗಿ ಆಗಲೇ ಶಿವಕಾಂತಾ ಅವನ ಕಡೆ ನೋಡಿದಳು. ಕಣ್ಣೀರು ಹುಡುಕಿದಳು. ಕಂಡದ್ದು ಹಲ್ಲು. ಅವಳ ದನಿ ಅಲ್ಲೇ ಕುಗ್ಗಿತು. ಕೊನೆಯ ನುಡಿಯನ್ನು ಮೊದಲಿನ ಹಾಗೇ ಸುಮಿತ್ರಾಬಾಯಿಯ ಹಿಂದೆ ಅಡಗಿಕೊಂಡು ಹಾಡಿ ಮುಗಿಸಿದಳು.

ಬಸ್‌ಸ್ಟ್ಯಾಂಡಿನಲ್ಲಿ ಉಳಿದವರು ಚಹಾ ಕುಡಿಯಲು ಹೋದಾಗ ಅವಳು ತಲೆ ತಗ್ಗಿಸಿ ಅಂದಳು, "ಇವತ್ತ ಛಲೋ ಆಗಲಿಲ್ಲ. ನೀವು ನಗಾಕತ್ತಿದ್ರಿ."

"ಇಲ್ಲ, ಇವತ್ತಿನಷ್ಟು ಛಲೋ ಎಂದೂ ಆಗಿಲ್ಲ."

"ಸುಮ್ಮನ ಸಮಾಧಾನ ಮಾಡಬ್ಯಾಡ್ರಿ. ಅವತ್ತ ಅತ್ತಿದ್ರಿ. ಇವತ್ತ ಕಣ್ಣು ಒಣಗಿ ಹೋಗ್ಯಾವ."

ಶಂಕ್ರೆಪ್ಪ ಇಕ್ಕಟ್ಟಿಗೆ ಬಿದ್ದ. ಇವತ್ತಿನದನ್ನು ಅವಳ ಕೈಗೆ ಕೊಡಬೇಕಾದರೆ ಅವತ್ತಿನದನ್ನು ಕಸಿಯಬೇಕು. ಕಸಿದ. ಮಫ್ಲರು, ಇಯರ್‌ಫೋನು, ಶಾಲಿನೊಳಗಿನ ಸಿನಿಮಾ, ಒಂದನ್ನೂ ಬಿಡದೆ ಹೇಳಿದ. ಹೇಳಿದರೆ ಎದೆ ಹಗುರಾಗುತ್ತದೆ ಅನ್ನುವುದು ಶುದ್ಧ ಸುಳ್ಳು.

ಶಿವಕಾಂತಾ ಅವನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ಅವತ್ತಿಂದು ಸುಳ್ಳಾದ್ರ, ಇವತ್ತಿಂದು ಖರೇ ಅಂತ ಹ್ಯಾಂಗ ನಂಬಲಿ?"

"ಮೂರನೇ ನುಡಿಗೆ ಸುಮಿತ್ರಾಬಾಯಿ ಮಾತು ಮರ್ತಳು. ನೀ ಹಿಂದಿನ ಸಾಲು ಎಳದು ಆಕಿಗಿ ಜಾಗಾ ಮಾಡಿಕೊಟ್ಟಿ. ಅದನ್ನ ನೋಡಿ ನಕ್ಕೆ. ಖುಷಿ ತಡಕೊಳ್ಳಾಕ ಆಗಲಿಲ್ಲ."

ಅವಳು ತಟ್ಟನೆ ಅವನ ಮುಖ ನೋಡಿದಳು. "ಅದು ಯಾರಿಗೂ ತಿಳಿದಿಲ್ಲ ಅನ್ಕೊಂಡಿದ್ದೆ."

"ನನಗ ತಿಳೀತು."

"ಆತು, ಇವತ್ತಿಂದು ನಂಬಿದೆ," ಅಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಆದ್ರ ಅವತ್ತಿಂದು ನಾರಾಯಣಖೇಡ ತನಕ ಹೇಳೀನಲ್ರಿ. ಈಗ ಏನ್ ಮಾಡಲಿ?"

ಅಷ್ಟರಲ್ಲಿ ಕೊಹೀರಿನ ಮೇಲೆ ಹೋಗುವ ಜಹೀರಾಬಾದಿನ ಬಸ್ಸು ಬಂತು, ಎಲ್ಲರೂ ಹತ್ತಿದರು.

ಬಸ್ಸು ಊರು ದಾಟಿದ ಮೇಲೆ ಮುಂದಿನ ಸೀಟಿನಿಂದ ಸುಮಿತ್ರಾಬಾಯಿ ಹಿಂದೆ ತಿರುಗಿದಳು. ಮೇಳದ ಹೆಂಗಸರೆಲ್ಲ ಕಿವಿ ಈ ಕಡೆ ಮಾಡಿದರು.

"ಅಣ್ಣಾರ, ಇವತ್ತೂ ಕಣ್ಣಾಗ ನೀರು ಬಂತೇನ್ರಿ? ಪದದ ಗಡಿಬಿಡಿಯಾಗ ನಾ ನೋಡಲಿಲ್ಲ."

ಶಂಕ್ರೆಪ್ಪ ಬಾಯಿ ತೆರೆದ. ಅವನಿಗಿಂತ ಮೊದಲು ಶಿವಕಾಂತಾ ಉತ್ತರ ಕೊಟ್ಟಳು.

"ಬಂತು. ನಾ ನೋಡೀನಿ."

ಹಾಲಿಗೆ ನೀರು ಬೆರೆಸಿದವಳಲ್ಲ, ದೇವರ ಮುಂದೆ ಕೂಡ ಒಂದು ಮಾತು ಹೆಚ್ಚಿಗೆ ಆಡಿದವಳಲ್ಲ. ಆ ಸುಳ್ಳು ಹೇಳುವಾಗ ಅವಳ ದನಿ ಒಂದಿಷ್ಟೂ ನಡುಗಲಿಲ್ಲ. ಗಂಡನ ಕಡೆ ಮಾತ್ರ ಅವಳು ನೋಡಲಿಲ್ಲ.