ಎಂಕಟನ ಡಬ್ಬಿ

ಹನುಮಂತರಾಯಪ್ಪನ ಮಗ ವೆಂಕಟಾಚಲಂ, ಮನೆಯವರ ಬಾಯಲ್ಲಿ ಎಂಕಟ, ತೀರಿಕೊಂಡು, ಕರ್ಮಾಂತರವೆಲ್ಲ ಮುಗಿದ ಮೇಲೆ ಆರ್ಕೆಸ್ಟ್ರಾದವರು ಗಿಟಾರ್ ತೆಗೆದುಕೊಂಡು ಹೋಗಲು ಬಂದರು. ಅದು ಅವರದೇ. ಹುಡುಗ ಮದುವೆಮನೆಗಳಲ್ಲಿ ಅವರ ಜೊತೆ ನುಡಿಸುತ್ತಿದ್ದ, ಅಭ್ಯಾಸಕ್ಕೆಂದು ಮನೆಯಲ್ಲಿಟ್ಟುಕೊಂಡಿದ್ದ. ಬಂದ ಇಬ್ಬರು ಬಾಗಿಲಲ್ಲೇ ನಿಂತು, ಹೇಗೆ ಕೇಳುವುದೆಂದು ತಿಳಿಯದೆ ಮೊದಲು ಮಳೆಯ ಮಾತಾಡಿದರು. ಹನುಮಂತರಾಯಪ್ಪನಿಗೇ ಅರ್ಥವಾಯಿತು. ಒಳಗೆ ಹೋಗಿ ಗೋಡೆಯ ಮೊಳೆಯಿಂದ ಅದನ್ನಿಳಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ ಕೊಟ್ಟ. ಅವನ ಹೆಂಡತಿ ಕಾಳಿಯಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಎಪ್ಪತ್ತನಾಲ್ಕನೆಯ ಇಸವಿ ಅದು. ಸೇಲಂನ ಅಮ್ಮಾಪೇಟೆಯಲ್ಲಿ, ಕನ್ನಡ ಮಾತಾಡುವ ನೇಕಾರರ ಬೀದಿಯಲ್ಲಿ ಅವರ ಮನೆ. ನಡುಮನೆಯಲ್ಲಿ ಎರಡು ಮಗ್ಗ, ಒಂದು ಅಪ್ಪನದು, ಇನ್ನೊಂದು ಮಗನದು. ಕಾಮಾಲೆ ಬಂದು ಮಗ ಹೋದಾಗ ಅವನಿಗೆ ಇಪ್ಪತ್ತೆರಡು ತುಂಬಿರಲಿಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಬೆಳಗಿನಿಂದ ಸಂಜೆವರೆಗೂ ಲಾಳಿಯ ಸದ್ದು ಕೇಳಿಸುತ್ತಿದ್ದರೆ, ಇವರ ಮನೆಯಲ್ಲಿ ಒಂದೇ ಮಗ್ಗ ತಡೆದು ತಡೆದು ಆಡುತ್ತಿತ್ತು.

ಗಿಟಾರ್ ಹೋದ ಮೇಲೆ, ಗೂಡಿನಲ್ಲಿ ಮಗ ಬಿಟ್ಟುಹೋಗಿದ್ದ ಅಲ್ಯುಮಿನಿಯಂ ಊಟದ ಡಬ್ಬಿಯೊಂದು ಹನುಮಂತರಾಯಪ್ಪನ ಕಣ್ಣಿಗೆ ಬಿತ್ತು. ಮುಚ್ಚಳಕ್ಕೆ ತೂತು ಕೊರೆದು, ಲಾರಿಯವರು ಹೆಡ್‌ಲೈಟ್ ತಗ್ಗಿಸಲು ಕಾಲಲ್ಲಿ ತುಳಿಯುವ ಸ್ವಿಚ್ಚನ್ನು ಕೂರಿಸಿದ್ದ. ಒಳಗೆ ಸಣ್ಣದೊಂದು ಹಲಗೆ. ಅದರ ಮೇಲೆ ಮೂರು ಮೂರು ಕಾಲಿನ, ಹುಣಸೆಬೀಜದಷ್ಟು ದೊಡ್ಡ ತಗಡಿನ ತುಂಡುಗಳೆರಡು. ಸುತ್ತ ಯಾವುದಕ್ಕೂ ಸೇರದ ತಂತಿಗಳು.

"ಅದನ್ಯಾಕೆ ಮುಟ್ತೀರ?" ಎಂದಳು ಕಾಳಿಯಮ್ಮ. "ಅವನು ಇಟ್ಟಂಗೇ ಇರ್ಲಿ ಬಿಡಿ."

ಹನುಮಂತರಾಯಪ್ಪ ಅದನ್ನು ಚೀಲದಲ್ಲಿಟ್ಟುಕೊಂಡು ಶೆವ್ವಾಪೇಟೆಗೆ ಹೋದ. ಅಲ್ಲಿ ರೇಡಿಯೊ ರಿಪೇರಿ ಮಾಡುವ ಪೊನ್ನುಸ್ವಾಮಿಯ ಅಂಗಡಿಗೆ ಮಗ ಹೋಗಿಬರುತ್ತಿದ್ದುದು ಅವನಿಗೆ ಗೊತ್ತಿತ್ತು. ಪೊನ್ನುಸ್ವಾಮಿ ತಮಿಳಿನವನು, ನೇಕಾರರ ಬೀದಿಯಲ್ಲೇ ಬೆಳೆದದ್ದರಿಂದ ಕನ್ನಡ ಬರುತ್ತಿತ್ತು. ಡಬ್ಬಿಯ ಮುಚ್ಚಳ ತೆಗೆದವನೇ ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಕೂತ್ಕಳಿ ಅಣ್ಣಾ," ಎಂದ.

"ಏನಪ್ಪಾ ಇದು?"

"ಫಜ್ ಅಂತಾರೆ. ಸಿನಿಮಾ ಪಾಟ್ಟಲ್ಲಿ ಗಿಟಾರು ಒಂಥರಾ ಗೊರಗೊರ ಅಂತ ಎಳೀತೈತಲ್ಲ, ಅದು. ಸುಮ್ನೆ ತಂತಿ ಮೀಟಿದ್ರೆ ಸದ್ದು ಬೇಗ ಇಳ್ದೋಗ್ತೈತೆ. ಇದರೊಳಗೆ ಬಿಟ್ರೆ ನಾದಸ್ವರದಂಗೆ ನಿಂತ್ಕಂತೈತೆ. ಫಾರಿನ್‌ದು ನಮಗೆಲ್ಲಿ ಸಿಗ್ತೈತೆ? ನಾನೇ ಮಾಡ್ತೀನಿ ಅಂತ ಹಟ ಇಡ್ದಿದ್ದ. ಅವನ ಮೊದಲ್ನೇದು ಇದು."

"ಇನ್ನೂ ಏನ್ ಬಾಕಿ ಐತೆ?"

"ಅರ್ಧ ಆಗೈತೆ. ಬಿಟ್ಟೋಗಿ, ನಾನು ಮುಗಿಸ್ಕೊಡ್ತೀನಿ."

"ಬ್ಯಾಡ. ನಂಗೆ ಏಳ್ಕೊಡು. ನಾನೇ ಮಾಡ್ತೀನಿ."

ಪೊನ್ನುಸ್ವಾಮಿ ಅವನ ಮುಖ ನೋಡಿದ. ಬೇಡ ಎನ್ನಲಿಲ್ಲ.

ಅಂದಿನಿಂದ ಹನುಮಂತರಾಯಪ್ಪ ಮಧ್ಯಾಹ್ನದ ಊಟವಾದ ಮೇಲೆ ಅಂಗಡಿಗೆ ಹೋಗಿ ಕೂರತೊಡಗಿದ. ಕೆಟ್ಟ ರೇಡಿಯೊಗಳ ತಂತಿ ಬಿಡಿಸಿ ಮತ್ತೆ ಬೆಸುಗೆ ಹಾಕುವುದನ್ನು ಕಲಿತ. ತುಂಡಾದ ಎಳೆಗಳನ್ನು ಕಾಣದಂತೆ ಗಂಟು ಹಾಕಿದ ಕೈ ಅವನದು. ಆದರೆ ನೂಲು ಬೆರಳಿಗೆ ಬಾಗುತ್ತಿತ್ತು, ಇದು ಬಾಗುತ್ತಿರಲಿಲ್ಲ. ಬೆರಳ ತುದಿಗಳೆಲ್ಲ ಸುಟ್ಟವು. ಯಾವ ತಂತಿ ಎಲ್ಲಿಗೆ ಎಂಬ ನಕ್ಷೆ ತಲೆಗೆ ಹತ್ತದಿದ್ದಾಗ, ಸೇರಬೇಕಾದ ಎರಡೆರಡು ತುದಿಗೂ ಒಂದೊಂದು ಬಣ್ಣದ ರೇಷ್ಮೆ ಎಳೆ ಕಟ್ಟಿಕೊಂಡ. ಪೊನ್ನುಸ್ವಾಮಿ ಬೆಸುಗೆಯ ಕಡ್ಡಿಯನ್ನೂ ಸೀಸವನ್ನೂ ಮನೆಗೆ ಕೊಟ್ಟು ಕಳಿಸಿದ.

"ಈ ಮೂರು ಕಾಲಿನ ಟ್ರಾನ್ಸಿಸ್ಟರ್ ಮಾತ್ರ ಹುಷಾರು ಅಣ್ಣಾ. ಸೂಡು ತಡಿಯಲ್ಲ. ಬಿಸಿ ಒಳಗೋದ್ರೆ ಮುಗೀತು."

ಒಳಗೆ ಹೋಯಿತು. ಮನೆಯಲ್ಲಿ ಎಲ್ಲ ಕೂಡಿಸಿ ತಂದು ಅಂಗಡಿಯಲ್ಲಿ ಬ್ಯಾಟರಿ ಹಾಕಿದರೆ ಉಸಿರೇ ಇಲ್ಲ. ಪೊನ್ನುಸ್ವಾಮಿ ಮೀಟರಿನ ಕಡ್ಡಿಗಳನ್ನು ಅಲ್ಲಿ ಇಲ್ಲಿ ಮುಟ್ಟಿಸಿ ತಲೆಯಾಡಿಸಿದ.

"ಒಂದು ಸುಟ್ಟೋಗೈತೆ. ಪರವಾಗಿಲ್ಲ, ಬೇರೆ ಕೊಡ್ತೀನಿ."

"ಅವನು ಕೂರ್ಸಿದ್ದು ಅದು," ಎಂದ ಹನುಮಂತರಾಯಪ್ಪ.

"ಅಣ್ಣಾ, ಎಲ್ಲಾ ಒಂದೇ..."

"ಅವನ ಕೈಯಾರೆ ಕೂರ್ಸಿದ್ದು. ನಾನು ಸುಟ್ಟಾಕ್ದೆ."

ಹೊಸದನ್ನು ಕಾಗದದಲ್ಲಿ ಸುತ್ತಿಸಿಕೊಂಡು ಮನೆಗೆ ಬಂದ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತವನು ಲಾಳಿ ಮುಟ್ಟಲಿಲ್ಲ. ಕಾಳಿಯಮ್ಮ ರಾಟೆಯ ಮುಂದೆ ಕುಳಿತು ನೂಲು ಸುತ್ತುತ್ತಿದ್ದಳು. ಸ್ವಲ್ಪ ಹೊತ್ತು ನೋಡಿ ರಾಟೆ ನಿಲ್ಲಿಸಿದಳು.

"ಏನಾಯ್ತು?"

ಅವನು ಹೇಳಿದ.

"ಅವನೂ ಒಂದು ಸುಟ್ಟಿದ್ದ," ಎಂದಳು ಅವಳು.

"ಯಾವಾಗ?"

"ನೀವು ನೂಲು ತರೋಕೆ ಓಗಿದ್ರಿ. ಅಷ್ಟು ದೊಡ್ಡವನು, ಮೂಲೇಲಿ ಕೂತು ಅತ್ತ. ಆಮೇಲಿಂದ ನಾನೇ ಇಡ್ಕಂತಿದ್ದೆ. ಅದರ ಕಾಲನ್ನ ಚಿಮಟದಾಗೆ ಕಚ್ಚಿ ಇಡ್ಕಂಡ್ರೆ ಸೂಡು ಚಿಮಟಕ್ಕೆ ಓಗ್ತೈತೆ, ಒಳಕ್ಕೆ ಓಗಲ್ಲ."

"ನೀನಾ?"

"ಊಂ."

"ನಂಗ್ಯಾಕೆ ಏಳ್ಲಿಲ್ಲ?"

"ನೀವು ಕೇಳ್ಲಿಲ್ಲ," ಎಂದಳು ಕಾಳಿಯಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೂ ಅವನು ತಲೆ ಎತ್ತಲಾರದೆ ಹೋದ. ಮಗ ಇದೇ ನಡುಮನೆಯಲ್ಲಿ ನುಡಿಸುತ್ತಿದ್ದ. ಹನುಮಂತರಾಯಪ್ಪ ಬೈದವನಲ್ಲ, ತಡೆದವನಲ್ಲ. ಮಗ್ಗದ ಸದ್ದಿನ ಆಚೆಗೆ ಅದೂ ಒಂದು ಸದ್ದು ಎಂದುಕೊಂಡಿದ್ದ, ಅಷ್ಟೇ.

ಅವಳು ಎದ್ದು ಹೋಗಿ ತಲೆದಿಂಬಿನ ಕೆಳಗಿನಿಂದ ಚಿಮಟ ತಂದಳು. ಇಬ್ಬರೂ ಬಾಗಿಲ ಬೆಳಕಿಗೆ ಡಬ್ಬಿ ಇಟ್ಟುಕೊಂಡು ಎದುರುಬದುರು ಕುಳಿತರು. ಅವಳು ಬಗ್ಗಿ ಟ್ರಾನ್ಸಿಸ್ಟರಿನ ಕಾಲನ್ನು ಚಿಮಟದಲ್ಲಿ ಹಿಡಿದಳು. ಅವನು ಕಡ್ಡಿ ತಾಗಿಸಿದ. ಸೀಸ ಕರಗಿ ಹೊಗೆಯೆದ್ದಿತು.

"ಕೈ ನಡುಗಿಸ್ಬೇಡಿ."

"ಅವನ ಕೈ ನಡುಗ್ತಿತ್ತಾ?"

"ಇಲ್ಲ. ಜ್ವರ ಬಂದ್ಮೇಲೆ ನಡುಗ್ತು. ಇನ್ನೊಂದೇ ಒಂದು ಹಾಕ್ತೀನಿ ಇಡ್ಕೊಮ್ಮಾ ಅಂದ. ಕಣ್ಣೆಲ್ಲ ಹಳದಿಯಾಗಿತ್ತು. ಸಾಕು ಮಲಗು, ನಾಳೆ ಮಾಡೋಣ ಅಂದೆ." ಅವಳು ಚಿಮಟ ಬಿಡಲಿಲ್ಲ. "ನಾನೇ ಅಂದೆ, ನಾಳೆ ಅಂತ."

ಹನುಮಂತರಾಯಪ್ಪ ಕಡ್ಡಿ ಕೆಳಗಿಟ್ಟು ಅವಳ ಮಣಿಕಟ್ಟನ್ನು ಹಿಡಿದುಕೊಂಡ. ಆಮೇಲೆ ಮಿಕ್ಕ ಕಾಲುಗಳನ್ನೂ ಹಾಗೇ ಒಂದೊಂದಾಗಿ ಬೆಸೆದರು.

ಅಂಗಡಿಯಲ್ಲಿ ಈ ಸಲ ಬ್ಯಾಟರಿ ಹಾಕಿ ಬೆರಳು ಮುಟ್ಟಿಸಿದಾಗ ಸ್ಪೀಕರ್ ಜೇನುಗೂಡಿನಂತೆ ಗುಂಯ್ ಎಂದಿತು. ಪೊನ್ನುಸ್ವಾಮಿ ಎದ್ದು ನಿಂತು ನಕ್ಕ. "ಬಂತು ಅಣ್ಣಾ! ಇನ್ನು ಗಿಟಾರು ಬೇಕು."

ಆರ್ಕೆಸ್ಟ್ರಾದವರಿಗೆ ಆ ವಾರ ಧರ್ಮಪುರಿಯ ಹತ್ತಿರ, ಅದಿಯಮಾನ್‌ಕೋಟೆಯಲ್ಲಿ ಮದುವೆ ಇತ್ತು. ಗಂಡ ಹೆಂಡತಿ ಡಬ್ಬಿ ಹಿಡಿದುಕೊಂಡು ಬಸ್ಸಿನಲ್ಲಿ ಹೋದರು. ಕಾಳಿಯಮ್ಮ ತಾನೂ ಬರುತ್ತೇನೆಂದು ಅವನಿಗಿಂತ ಮೊದಲೇ ಹೊರಟು ನಿಂತಿದ್ದಳು. ಹಾದಿಯುದ್ದಕ್ಕೂ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಅವಳ ಮುಖದಲ್ಲಿ ಮಗನನ್ನೇ ನೋಡಲು ಹೊರಟವಳ ಗೆಲುವಿತ್ತು. ಅದನ್ನು ನೋಡಿ ಹನುಮಂತರಾಯಪ್ಪನಿಗೆ ಭಯವಾಯಿತು.

ಚಪ್ಪರದಲ್ಲಿ ಇನ್ನೂ ಜನ ಸೇರಿರಲಿಲ್ಲ. ಮಗನ ಜಾಗಕ್ಕೆ ಬಂದಿದ್ದ ಆರುಮುಗಂ ಎಂಬ ಯುವಕ ಇವರನ್ನು ಕಂಡು ಗಾಬರಿಯಿಂದ ಎದ್ದ. ವಿಷಯ ತಿಳಿದ ಮೇಲೆ ಎರಡೂ ಕೈಚಾಚಿ ಡಬ್ಬಿ ಇಸಿದುಕೊಂಡ. ಗಿಟಾರಿನ ವೈರನ್ನು ಅದಕ್ಕೆ ಸೇರಿಸಿ, ಅದನ್ನು ಆಂಪ್ಲಿಫೈಯರಿಗೆ ಸೇರಿಸಿದ.

"ಏನ್ ಬಾರಿಸ್ಲಿ ಅಮ್ಮಾ?"

ಮಗ ದಿನವೂ ನುಡಿಸುತ್ತಿದ್ದ ಒಂದು ಹಾಡಿನ ಎಳೆಯನ್ನು ಕಾಳಿಯಮ್ಮ ಮೆಲ್ಲಗೆ ಗುನುಗಿ ತೋರಿಸಿದಳು. ಆರುಮುಗಂ ಹಿಡಿದ. ಮೊದಲು ಹಾಗೇ ಮೀಟಿದ. ಆಮೇಲೆ ಕಾಲಿನಿಂದ ಸ್ವಿಚ್ ತುಳಿದ.

ಬಟ್ಟೆ ಸೀಳಿದಂತೆ ಸದ್ದು ಒಡೆದು ಬಂತು. ಎಲೆ ಒರೆಸುತ್ತಿದ್ದ ಹೆಂಗಸರು ಕಿವಿ ಮುಚ್ಚಿಕೊಂಡರು. ತಬಲದವನು "ಡೇಯ್!" ಎಂದು ಕೂಗಿದ. ಆರುಮುಗಂನ ಬೆರಳು ತಂತಿಯ ಮೇಲೆ ಅಲುಗುತ್ತಿತ್ತು, ಸ್ವರ ಕೆಳಗಿಳಿಯಲಿಲ್ಲ. ಒರಟಾಗಿ, ತುಂಬಿಕೊಂಡು, ಚಪ್ಪರದ ತುಂಬ ನಿಂತಿತು. ಇಂಥದ್ದನ್ನು ಹನುಮಂತರಾಯಪ್ಪ ಎಂದೂ ಕೇಳಿರಲಿಲ್ಲ. ಚೆನ್ನಾಗಿದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಮಗನಿಗೆ ಬೇಕಾಗಿದ್ದದ್ದು ಇದು ಎಂದು ಮಾತ್ರ ತಿಳಿಯಿತು.

"ನಿಲ್ಸಪ್ಪಾ," ಎಂದಳು ಕಾಳಿಯಮ್ಮ. "ಸಾಕು, ನಿಲ್ಸು."

ಆರುಮುಗಂ ತಂತಿಯ ಮೇಲೆ ಅಂಗೈ ಒತ್ತಿದ. "ತಪ್ಪಾಯ್ತಾ ಅಮ್ಮಾ?"

"ಇಲ್ಲ ಕಣಪ್ಪಾ." ಅವಳು ಗಂಡನ ಕಡೆ ತಿರುಗಿದಳು. "ಅವನು ಇದನ್ನ ಕೇಳ್ಲೇ ಇಲ್ಲ. ನಾವು ಕೇಳ್ಬಿಟ್ವಿ. ನಮಗ್ಯಾಕೆ ಬೇಕಿತ್ತು ಇದು?"

ಅವಳು ಡಬ್ಬಿ ಕೊಡಿ, ಮನೆಗೆ ಒಯ್ಯೋಣ ಎಂದಳು. ಮದುವೆಯಾದಾಗಿನಿಂದ ಹನುಮಂತರಾಯಪ್ಪ ಅವಳ ಮಾತಿಗೆ ಎದುರಾಡಿದ್ದು ಕಡಿಮೆ.

"ಮನೇಲಿ ಬಾರ್ಸೋರು ಯಾರವ್ರೆ ಕಾಳಿ?" ಎಂದ. "ಇಲ್ಲೇ ಇರ್ಲಿ. ಇವನು ಬಾರಿಸ್ಲಿ."

ಅವಳು, ಊಟ ಮಾಡಿ ಹೋಗಿ ಎಂದು ಮದುವೆಯವರು ಕರೆದರೂ ನಿಲ್ಲದೆ ರಸ್ತೆಗೆ ನಡೆದಳು. ಅವನು ಆರುಮುಗಂನ ಭುಜ ಮುಟ್ಟಿ, ಬ್ಯಾಟರಿ ತೆಗೆದಿಡುವುದನ್ನು ಮರೆಯಬೇಡ ಎಂದಷ್ಟೇ ಹೇಳಿ ಅವಳ ಹಿಂದೆ ಹೋದ.

ಸೇಲಂ ಬಸ್ಸು ತುಂಬಿ ಬಂತು. ಮುಂದೆ ಹೆಂಗಸರ ಸೀಟಿನಲ್ಲಿ ಅವಳಿಗೆ ಜಾಗ ಸಿಕ್ಕಿತು. ಅವನು ಹಿಂಬಾಗಿಲಲ್ಲಿ ಹತ್ತಿ ಕಂಬಿ ಹಿಡಿದು ನಿಂತ. ಬಸ್ಸು ತೊಪ್ಪೂರು ಘಾಟಿಯ ತಿರುವುಗಳಲ್ಲಿ ಗುರುಗುಟ್ಟುತ್ತ ಇಳಿಯುವಾಗ ಮುಂದುಗಡೆಯಿಂದ ಒಂದು ಅಳು ಎದ್ದಿತು. ಕಾಳಿಯಮ್ಮ. ಮಗನನ್ನು ಹೊತ್ತುಕೊಂಡು ಹೋದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಬಸ್ಸಿನಲ್ಲಿ ಮಾತೆಲ್ಲ ನಿಂತುಹೋಯಿತು. ಹನುಮಂತರಾಯಪ್ಪ ಮುಂದೆ ನುಗ್ಗಲು ನೋಡಿದ. ಟೊಮೆಟೊ ಬುಟ್ಟಿಗಳು, ಚೀಲಗಳು, ಜನರ ಬೆನ್ನುಗಳು, ದಾರಿಯೇ ಇರಲಿಲ್ಲ.

"ಬಿಡ್ರಪ್ಪಾ, ನಮ್ಮೋಳು ಅವಳು," ಎಂದ. ಎಂಜಿನಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಪಕ್ಕದಲ್ಲಿದ್ದ ಯಾರೋ ಮುದುಕಿ ಏನೆಂದು ಕೇಳದೆಯೇ ಕಾಳಿಯಮ್ಮನ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡು, "ಅಳು ಮಗಳೆ, ಅಳು," ಎನ್ನುತ್ತ ಬೆನ್ನು ಸವರತೊಡಗಿದಳು. ಹನುಮಂತರಾಯಪ್ಪ ನಿಂತಲ್ಲೇ ನಿಂತು, ಆ ಮುದುಕಿಯ ಕೈ ತನ್ನ ಹೆಂಡತಿಯ ಬೆನ್ನ ಮೇಲೆ ಹೋಗಿಬರುವುದನ್ನು ಜನರ ಸಂದಿಯಿಂದ ನೋಡುತ್ತ ಸೇಲಂವರೆಗೂ ಬಂದ.