ಭಂಡಾರದ ಆಣೆ

ತಾರವ್ವ ನಗತೊಡಗಿ ನಾಲ್ಕು ದಿನವಾಗಿತ್ತು. ಮನೆಯವರಿಗೆಲ್ಲ ಅದರಿಂದ ಸಮಾಧಾನ. ತಾಯಿ ಸತ್ತೆವ್ವನಿಗೆ ಮಾತ್ರ ಆ ನಗುವಿನ ಮೇಲೇ ಸಂಶಯ.

ತನ್ನ ಕೂಸು ತೀರಿಕೊಂಡ ಮೇಲೆ ಮಗಳು ಗಂಡನ ಊರು ಸದಲಗದಿಂದ ಏಕಸಂಬಿಯ ತವರಿಗೆ ಬಂದಿದ್ದಳು. ಹೋದ ಐತವಾರ "ಬದುಕು ಸಾಕಾಗೇತಿ" ಎಂದಳು. ತಂದೆ ಕಾಮಣ್ಣ ಹೆದರಿ ಚಿಕ್ಕೋಡಿಯ ಡಾಕ್ಟರರಲ್ಲಿಗೆ ಕರೆದೊಯ್ದ. ಅವರು ಗುಳಿಗೆ ಬರೆದು, "ಆ ಮಾತು ಮತ್ತ ಎತ್ತಬ್ಯಾಡ್ರಿ, ಮರೀತಾಳ" ಎಂದರು. ಕಾಮಣ್ಣನಿಗೆ ಅಷ್ಟು ಸಾಲಲಿಲ್ಲ. ದೇವರ ಜಗಲಿಯ ಮುಂದೆ ಅವಳ ಅಂಗೈಯನ್ನು ಭಂಡಾರದ ಅರಿಷಿಣ ಪುಡಿಯಲ್ಲಿ ಊರಿಸಿ, "ಸಾಯೂ ಮಾತು ಇನ್ನ ಆಡಾಂಗಿಲ್ಲ" ಎಂದು ಆಣೆ ಮಾಡಿಸಿದ. ಆ ಆಣೆ ಮುರಿದರೆ ಕುರಿಹಿಂಡಿಗೇ ಕೇಡೆಂದು ನಂಬಿದ ಮನೆ ಅದು.

ಎರಡು ವರ್ಷದ ಹಿಂದೆ ಹಿರಿಯ ಮಗ ಭರಮುವೂ ಹೀಗೇ ಆಣೆ ಮಾಡಿದ್ದ. ಹೀಗೇ ನಕ್ಕಿದ್ದ. ಕೇಳಿದರೆ "ಆರಾಮ ಅದೀನಿ" ಎನ್ನುತ್ತಿದ್ದ. ಹನ್ನೆರಡನೆಯ ದಿನ ಅವನು ಜೀವಂತವಿರಲಿಲ್ಲ. ದೇವರು ಮುನಿದನೆಂದರು ಜನ. ಸತ್ತೆವ್ವ ದೇವರನ್ನು ದೂರಲಿಲ್ಲ. ಆಣೆ ಬೇಡಿದವನು ದೇವರಲ್ಲ, ನಾವೇ ಎಂದುಕೊಂಡಳು.

ಮುಂಜಾನೆ ನೆರೆಮನೆಯ ಸಕ್ಕುಬಾಯಿ ಕುರಿಮರಿಯೊಂದನ್ನು ಎತ್ತಿಕೊಂಡು ಬಂದಳು.

"ತಾರಿ ತಾ ಸಾಕಿದ ಮರಿ ನನಗ ಕೊಟ್ಟಾಳ ನೋಡಬೇ! ನೀ ಚಂಬು ಮಜ್ಜಿಗಿ ಕೊಡಾಕ ಹತ್ತ ಸಲ ವಿಚಾರ ಮಾಡ್ತಿ. ಯಾರ ಹೊಟ್ಟ್ಯಾಗ ಹುಟ್ಟ್ಯಾಳೋ!"

ಸತ್ತೆವ್ವ ನಗಲಿಲ್ಲ. ಒಳಗೆ ಹೋಗಿ, ರೊಟ್ಟಿ ಬಡಿಯುತ್ತಿದ್ದ ಮಗಳ ಎದುರಿಗೆ ಕುಳಿತಳು.

"ಮರಿ ಯಾಕ ಕೊಟ್ಟಿ?"

"ಸುಮ್ನ ಬೇ. ಆರಾಮ ಅದೀನಿ."

"ಸಾಯಬೇಕ ಅನಸ್ತೈತೇನ ತಾರಿ?"

ರೊಟ್ಟಿ ಬಡಿಯುವ ಕೈ ನಿಂತಿತು. "ಹೇಳಬಾರದಬೇ. ಆಣಿ ಐತಿ. ಹೇಳಿದ್ರ ಅಪ್ಪನ ಕುರಿ ಸಾಯ್ತಾವ."

ಭರಮು ಬಾಯಿ ಮುಚ್ಚಿಕೊಂಡದ್ದೂ ಇದಕ್ಕೇ ಏನೋ. ಸತ್ತೆವ್ವ ಜಗಲಿಯ ಭಂಡಾರದ ಬಟ್ಟಲು ತಂದು ಇಬ್ಬರ ನಡುವೆ ಇಟ್ಟು, ತನ್ನ ಅಂಗೈ ಊರಿದಳು.

"ನಿನ್ನ ಆಣಿ ನಾ ತಗೊಂಡೀನಿ. ಕೇಡಾದ್ರ ನನಗಾಗ್ಲಿ. ಈಗ ನಂದು ಕೇಳು. ನೀ ಏನs ಹೇಳು, ಬಯ್ಯಾಂಗಿಲ್ಲ, ಅಂಜಾಂಗಿಲ್ಲ, ನೀ ಮುಗಸೂತನಾ ಏಳಾಂಗಿಲ್ಲ."

ತಾರವ್ವ ಆ ಅರಿಷಿಣದ ಕೈಯನ್ನೇ ಬಹಳ ಹೊತ್ತು ನೋಡಿದಳು. "ನಿನ್ನೆ ಹೊಳಿ ತನಾ ಹೋಗಿದ್ನೆವ್ವಾ," ಎಂದಳು. ಆಮೇಲೆ ಅಳುತ್ತ, ನಿಲ್ಲಿಸುತ್ತ, ಕೂಸಿನ ಮಾತು ತೆಗೆದಳು.

ಹೆಂಚಿನ ಮೇಲಿನ ರೊಟ್ಟಿ ಸೀಯಿತು. ಹೊರಗೆ ಕುರಿ ಬಿಟ್ಟು ನಿಂತಿದ್ದ ಕಾಮಣ್ಣ ಕೂಗಿದ: "ಏ, ಬುತ್ತಿ ಕಟ್ಟೀಯೇನ?"

"ನೀವs ಕಟ್ಕೋರಿ," ಎಂದಳು ಸತ್ತೆವ್ವ. "ನಾ ಆಣ್ಯಾಗ ಕುಂತೀನಿ."