ಬತ್ತಿದ ಬಾವಿಗೆ ಸುರಿದ ಉಪ್ಪು

ಯಲಹಂಕ ದಾಟಿ ದೊಡ್ಡಬಳ್ಳಾಪುರದ ರಸ್ತೆ ಹಿಡಿದರೆ, ರಾಜಾನುಕುಂಟೆಗೆ ಸ್ವಲ್ಪ ಮೊದಲು ಒಂದು ಮಣ್ಣಿನ ದಾರಿ ಒಳಗೆ ತಿರುಗುತ್ತಿತ್ತು. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಆ ದಾರಿಯ ಕೊನೆಯ ಕೇರಿಯಲ್ಲಿ, ರಾಮಲಕ್ಷ್ಮಮ್ಮನ ಹಿತ್ತಲಿನಲ್ಲಿ ಬೆಳಗಿನಿಂದ ಗಡಾರಿಯ ಸದ್ದು ಕೇಳುತ್ತಿತ್ತು. ಅವಳ ಗಂಡ ಮುನಿವೆಂಕಟಯ್ಯ ಕಕ್ಕಸಿಗೆ ಗುಂಡಿ ತೋಡುತ್ತಿದ್ದ.

ಕಕ್ಕಸು ಬೇಕೇ ಬೇಕಾಗಿತ್ತು. ಊರ ಹಿಂದಿನ ಬೇಲಿಸಾಲು, ಪೊದೆ ಎಲ್ಲ ಸವರಿ ಯಾರೋ ಲೇಔಟಿನ ಕಲ್ಲು ನೆಟ್ಟಿದ್ದರು. ಹೆಂಗಸರು ಕತ್ತಲಲ್ಲೂ ಮರೆಗೆ ಅಲೆಯಬೇಕಾಗಿತ್ತು. ಅದರ ಮೇಲೆ, ಟಿ. ದಾಸರಹಳ್ಳಿಗೆ ಕೊಟ್ಟಿದ್ದ ಮಗಳು ನಾಗಮಣಿ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರುವವಳಿದ್ದಳು.

“ತುಂಬಿದ ಬಸುರಿ ಚೆಂಬು ಇಡ್ಕಂಡು ಬಯಲಿಗೆ ಓಗ್ಬಾರ್ದು. ಅವಳು ಬರೋದ್ರೊಳ್ಗೆ ಮುಗಿಸ್ತೀನಿ,” ಎಂದು ಮುನಿವೆಂಕಟಯ್ಯ ಹಟ ಹಿಡಿದಿದ್ದ.

ಆದರೆ ಸೊಂಟದಾಳ ಇಳಿಯುವಷ್ಟರಲ್ಲಿ ಗಡಾರಿ ಠಣ್ಣೆಂದಿತು. ಕೆಳಗೆ ಕರಿಬಂಡೆ. ಇನ್ನೊಂದು ಕಡೆ ತೋಡಿದ, ಅಲ್ಲೂ ಬಂಡೆ. ಬೆವರು ಒರೆಸಿಕೊಂಡು ಕೂತವನ ಕಣ್ಣು ಹಿತ್ತಲ ಮೂಲೆಯ ಹಳೇ ಬಾವಿಯ ಮೇಲೆ ಬಿತ್ತು. ಅವನ ತಾತ ತೋಡಿಸಿದ ಬಾವಿ ಅದು. ಸುತ್ತಮುತ್ತಲ ತೋಟಗಳಲ್ಲಿ ಬೋರ್‌ವೆಲ್ ಕೊರೆಸಿದ ಮೇಲೆ ಬತ್ತಿತ್ತು. ಈಗ ಇಡೀ ಕೇರಿ ಕುಡಿಯುತ್ತಿದ್ದುದು ಕೆಳಗಿನ ಬೀದಿಯಲ್ಲಿ ಸರ್ಕಾರದವರು ಹಾಕಿಸಿಕೊಟ್ಟಿದ್ದ ಬೋರಿಂಗಿನ ನೀರು. ಹಿಡಿ ಹಿಡಿದು ಒತ್ತಿದರೆ ಗಳಗಳನೆ ಬರುತ್ತಿತ್ತು.

“ಇಷ್ಟ್ ದಿವ್ಸ ಒಳೇಲೇ ಇಲ್ವಲ್ಲ!” ಎಂದು ಮುನಿವೆಂಕಟಯ್ಯ ತೊಡೆ ತಟ್ಟಿದ. “ತೋಡಿಟ್ಟ ಗುಂಡಿ ಮನೇಲೇ ಐತೆ. ಕಕ್ಕಸಿಂದ ಬಾವಿಗೆ ಒಂದ್ ಪೈಪ್ ಬಿಟ್ರೆ ಆಯ್ತು. ನಮ್ ಮೊಮ್ಮಕ್ಕಳ ಕಾಲಕ್ಕೂ ತುಂಬಲ್ಲ.”

ರಾಮಲಕ್ಷ್ಮಮ್ಮನಿಗೂ ಅದು ಸರಿ ಅನ್ನಿಸಿತು. ಬೇಡ ಅಂದವಳು ಪಕ್ಕದ ಮನೆಯ ರತ್ನಕ್ಕ. ಅವಳು ಬಾಗಲಕೋಟೆ ಕಡೆಯವಳು. ಗಂಡ ಶೇಖರಪ್ಪನಿಗೆ ಯಲಹಂಕದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದಿದ್ದಳು. ಬೇಲಿಯಾಚೆಯಿಂದ ಮಾತು ಕೇಳಿಸಿಕೊಂಡವಳು ಸೆರಗಿಗೆ ಕೈ ಒರೆಸುತ್ತ ಓಡಿಬಂದಳು.

“ಅಣ್ಣಾರ, ಬಾವಿಗೆ ಮಾತ್ರ ಬಿಡಬ್ಯಾಡ್ರಿ. ಆ ಹೊಲಸು ಬೋರಿಂಗಿಗೆ ಹೋಗ್ತೈತ್ರಿ.”

“ಬೋರಿಂಗ್ ಎಲ್ಲಿ, ಬಾವಿ ಎಲ್ಲಿ? ಎಂಗಮ್ಮ ಓಯ್ತದೆ?”

ರತ್ನಕ್ಕ ಅಲ್ಲೇ ಕಲ್ಲಿನ ಮೇಲೆ ಕೂತಳು. “ನಮ್ಮೂರು ಸುಣ್ಣದ ಕಲ್ಲಿನ ಕೊಳ್ಳದಾಗ ಐತ್ರಿ. ಮ್ಯಾಲ ದಿನ್ನಿ ಮ್ಯಾಗ ಒಂದು ದೊಡ್ಡ ಬಿಲ ಇತ್ತು. ಮಳಿ ನೀರೆಲ್ಲ ಅದರಾಗ ಇಳಿದು ಎಲ್ಲಿ ಹೋತು ಅಂತ ಗೊತ್ತಾಗ್ತಿರಲಿಲ್ಲ. ಸತ್ತ ದನ, ಹೊಲಸು, ಎಲ್ಲಾ ಅದರಾಗ ಒಗೀತಿದ್ರು. ಕೆಳಗ ಊರಿನ ಹತ್ರ ಒಂದು ಒರತಿ. ಊರೆಲ್ಲ ಅದ ನೀರ ಕುಡೀತಿದ್ವಿ. ಒಂದು ವರ್ಷ ವಾಂತಿಭೇದಿ ಎದ್ದು ಮನಿಮನಿ ಹೊಕ್ಕಿತ್ರಿ. ನನ್ನ ತಂಗಿ ಅದರಾಗ ಹೋದ್ಲು. ಆಮ್ಯಾಲ ಹಿರೇರಿಗೆ ಸಂಶೆ ಬಂದು ಆ ಬಿಲಕ್ಕ ಜ್ವಾಳದ ಹೊಟ್ಟು ಸುರುವಿದ್ರು. ಹೊಟ್ಟು ಒರತ್ಯಾಗ ತೇಲಿ ಬಂತ್ರಿ.”

ರಾಮಲಕ್ಷ್ಮಮ್ಮ ತಿರುಗಿ ಹಳೇ ಬಾವಿಯ ಕಡೆ ನೋಡಿದಳು. ಆದರೆ ಮುನಿವೆಂಕಟಯ್ಯ ನಕ್ಕುಬಿಟ್ಟ.

“ಅದು ನಿಮ್ ಕಡೆ ಕಲ್ಲು ಕಣಮ್ಮ. ಸುಣ್ಣದ ಕಲ್ಲು ನೀರಿಗೆ ಕರಗ್ತದೆ, ಒಳಗೆಲ್ಲ ಗವಿ ಬೀಳ್ತದೆ. ನಮ್ದು ಕಗ್ಗಲ್ಲು. ಗಡಾರಿ ಬಾಯೇ ಮುರೀತದೆ. ಇದ್ರೊಳಗೆ ನೀರ್ ನುಗ್ತದಾ?”

“ನುಗ್ಗಂಗಿಲ್ಲ ಅಂದ್ರ ಬೋರಿಂಗಿನ್ಯಾಗ ನೀರು ಎಲ್ಲಿಂದ ಬರತೈತ್ರಿ? ಹೋದ ಮಳಿಗಾಲದಾಗ ನಿಮ್ಮ ಬಾವಿ ಅರ್ಧ ತುಂಬಿತ್ತು, ನಾನ ನೋಡೀನಿ. ಆ ನೀರು ಎಲ್ಲಿ ಹೋತ್ರಿ?”

ಮುನಿವೆಂಕಟಯ್ಯನ ನಗು ನಿಂತಿತು. ಆ ನೀರು ಇಂಗಿ ಎಲ್ಲಿಗೋ ಹೋಗಿದ್ದು ನಿಜ. ಎಲ್ಲಿಗೆ ಎಂದು ಅವನು ಯೋಚಿಸಿರಲಿಲ್ಲ. ಹೆಂಡತಿಯ ಮುಂದೆ ಸೋಲಲು ಮನಸ್ಸಾಗದೆ ಹೇಳಿದ, “ಸರಿ, ನೋಡೇಬಿಡಣ. ಬಾವಿಗೆ ಉಪ್ಪು ಸುರೀತೀನಿ. ಬೋರಿಂಗ್ ನೀರು ಉಪ್ಪಾದ್ರೆ ನಿನ್ ಮಾತು ನಿಜ. ಆಗ್ಲಿಲ್ಲ ಅಂದ್ರೆ ಪೈಪ್ ಬಿಡ್ತೀನಿ.”

ಮಾರನೆಯ ದಿನವೇ ಎರಡು ಮೂಟೆ ಕಲ್ಲುಪ್ಪು ತಂದು ಬಾವಿಗೆ ಸುರಿದು, ಮೇಲೆ ಬಿಂದಿಗೆ ಬಿಂದಿಗೆ ನೀರು ಹೊಯ್ದ. ಅಂದಿನಿಂದ ರಾಮಲಕ್ಷ್ಮಮ್ಮ ದಿನಾ ಬೋರಿಂಗಿನ ನೀರನ್ನು ಬಾಯಿಗೆ ಹಾಕಿ ನೋಡುತ್ತಿದ್ದಳು. ಒಂದು ವಾರವಾಯಿತು, ಇನ್ನೂ ಕೆಲವು ದಿನ ಕಳೆದವು. ನೀರು ಎಂದಿನಂತೆ ಸಿಹಿಯಾಗೇ ಇತ್ತು.

“ಇನ್ನೊಂದು ಮಳಿ ಬೀಳೂತನಕ ತಡೀರಿ ಅಣ್ಣಾರ,” ಎಂದು ರತ್ನಕ್ಕ ಬೇಡಿಕೊಂಡಳು. “ಬ್ಯಾಸಗ್ಯಾಗ ನೀರು ನಿಂತಿರತೈತಿ. ಮಳಿ ಬಂದಾಗ ನೂಕ್ಕೊಂಡು ಹೋಗ್ತೈತಿ.”

“ಮಗಳು ನಾಳಿದ್ದು ಬತ್ತಾವ್ಳೆ. ಮಳೆಗೆ ಕಾಯ್ಕಂಡ್ ಕೂರಕ್ಕಾಯ್ತದಾ?” ಎಂದು ಮುನಿವೆಂಕಟಯ್ಯ ಪೈಪು ಕೂರಿಸಿಯೇಬಿಟ್ಟ.

ನಾಗಮಣಿ ಬಂದಳು. ಮುಖ ತುಂಬಿಕೊಂಡು, ಏದುಸಿರು ಬಿಡುತ್ತ, ಹೊಸ ಕಕ್ಕಸು ನೋಡಿ ಅಪ್ಪನ ಕೈ ಹಿಡಿದು ಕಣ್ಣೀರು ಹಾಕಿದಳು. ಮುನಿವೆಂಕಟಯ್ಯ ಎರಡು ದಿನ ಎದೆಯುಬ್ಬಿಸಿ ಓಡಾಡಿದ. ರಾಮಲಕ್ಷ್ಮಮ್ಮನಿಗೂ ಉಪ್ಪಿನ ಮಾತು ಮರೆತುಹೋಯಿತು.

ಆಮೇಲೆ ಮುಂಗಾರು ಮಳೆ ಹುಯ್ಯಿತು. ಒಂದೇ ಸಮನೆ, ಹಿತ್ತಲೆಲ್ಲ ಕೆರೆಯಾಗುವಂತೆ. ಹರಿದ ನೀರು ಬಾವಿಗೂ ಇಳಿಯಿತು. ಮಳೆ ಬಿಟ್ಟ ಮೂರನೆಯ ಬೆಳಗ್ಗೆ ರಾಮಲಕ್ಷ್ಮಮ್ಮ ಬೋರಿಂಗಿನಿಂದ ಬಿಂದಿಗೆ ತಂದಿಳಿಸಿ ಒಲೆಯ ಮುಂದೆ ಕೂತಿದ್ದಳು. ನಾಗಮಣಿ ಚೆಂಬಿನಲ್ಲಿ ನೀರು ಮೊಗೆದು ಗಟಗಟ ಕುಡಿದು, ಮುಖ ಸಿಂಡರಿಸಿದಳು.

“ಅಮ್ಮಾ, ನೀರಿಗೆ ಉಪ್ಪಾಕಿದ್ದೀಯಾ?”

ಉಪ್ಪಿನ ವಿಷಯ ಮಗಳಿಗೆ ಯಾರೂ ಹೇಳಿರಲಿಲ್ಲ.

ರಾಮಲಕ್ಷ್ಮಮ್ಮ ಚೆಂಬನ್ನು ಕಿತ್ತುಕೊಂಡು ತಾನು ಒಂದು ಗುಟುಕು ಕುಡಿದಳು. ಉಪ್ಪು. ಬಾವಿಯಲ್ಲಿದ್ದುದು ಉಪ್ಪು ಮಾತ್ರ ಅಲ್ಲವಲ್ಲ! ಉಪ್ಪು ಬಂದ ದಾರಿಯಲ್ಲೇ ಅದೂ ಬಂದಿರುತ್ತದೆ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡವಳು ಅದನ್ನೇ ಕುಡಿದಿದ್ದಾಳೆ.

ಗಂಡನನ್ನು ಹಿತ್ತಲಿಗೆ ಕರೆದು ಚೆಂಬು ಕೊಟ್ಟಳು. ಅವನು ಕುಡಿದು ಉಗಿದ. ಆಮೇಲೆ ದನಿ ತಗ್ಗಿಸಿ, “ಈಗ್ಲೇ ಪೈಪ್ ಕಿತ್ತಾಕ್ತೀನಿ. ನೀನು ಬಾಯಿ ಬಿಡಬ್ಯಾಡ. ಊರೋರಿಗೆ ಗೊತ್ತಾದ್ರೆ ನಮ್ಮನ್ನ ಬಾಳಿಸ್ತಾರಾ?” ಎಂದ.

“ಅಲ್ಲಿ ಜನ ಕುಡೀತಾವ್ರೆ.”

“ಒಂದೆರಡು ದಿನ. ಆಮೇಲೆ ತಾನೇ ಸರೋಯ್ತದೆ.”

“ಈಗ್ಲೂ ಕುಡೀತಾವ್ರೆ!” ಎಂದು ರಾಮಲಕ್ಷ್ಮಮ್ಮ ಕೂಗಿದಳು. ಮದುವೆಯಾದಾಗಿನಿಂದ ಗಂಡನ ಮೇಲೆ ಅವಳು ಅಷ್ಟು ದನಿ ಎತ್ತಿದ್ದಿಲ್ಲ. ಚಪ್ಪಲಿಯನ್ನೂ ಹಾಕದೆ ಕೆಳಬೀದಿಗೆ ಓಡಿದಳು.

ಬೋರಿಂಗಿನ ಸುತ್ತ ಹೆಂಗಸರು ನೀರು ಯಾಕೋ ಉಪ್ಪುಪ್ಪು ಎಂದು ಗೊಣಗುತ್ತಲೇ ಬಿಂದಿಗೆ ತುಂಬುತ್ತಿದ್ದರು. ರಾಮಲಕ್ಷ್ಮಮ್ಮ ಹಿಡಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ನಿಂತಳು.

“ಕುಡೀಬ್ಯಾಡ್ರಮ್ಮ. ತಪ್ಪು ನಮ್ದು. ನಮ್ ಕಕ್ಕಸಿನ ಪೈಪು ಅಳೇ ಬಾವಿಗೆ ಬಿಟ್ಟಿದ್ದೊ. ಅದೆಲ್ಲ ಇಲ್ಲಿಗೆ ಬಂದೈತೆ. ಕುಡೀಬ್ಯಾಡ್ರಿ.”

ಬೈಗುಳ ಶುರುವಾಯಿತು. ಒಬ್ಬಳು ತುಂಬಿದ ಬಿಂದಿಗೆಯನ್ನು ಅವಳ ಕಾಲ ಬುಡಕ್ಕೇ ಸುರಿದಳು. ಗುಂಪಿನಲ್ಲಿದ್ದ ಮುದುಕಿ ಮಾರಮ್ಮ ಮಾತ್ರ ಬೈಯದೆ ಕೇಳಿದಳು, “ಅಂಗಾರೆ ಕೂಸುಗಳಿಗೆ ಎರೆಯೋ ನಮ್ಮ ಮುನಿಗಂಗಮ್ಮ ರಾತ್ರಿಯಿಂದ ಬೇದಿ ಅಂತ ಮಲಗವ್ಳಲ್ಲ, ಅದೂ ಇದಕ್ಕೇನಾ?”

ಮಧ್ಯಾಹ್ನದ ಹೊತ್ತಿಗೆ ಕೇರಿಯಲ್ಲಿ ಇನ್ನೂ ಹಲವರು ಮಲಗಿದರು. ಮುನಿಗಂಗಮ್ಮನ ಕಣ್ಣು ಗುಳಿಬಿದ್ದು, ನಾಲಿಗೆ ಒಣಗಿ, ಕರೆದರೆ ಓಗೊಡುತ್ತಿರಲಿಲ್ಲ. ಅದೇ ಬೀದಿಯ ಜಿಯಾವುಲ್ಲಾ ತನ್ನ ಟೆಂಪೋ ತಂದು ಅವಳನ್ನು ಆಸ್ಪತ್ರೆಗೆ ಸಾಗಿಸಿದ. ಬರುವಾಗ ಆರೋಗ್ಯ ಕೇಂದ್ರದ ನರ್ಸ್ ಕೌಸಲ್ಯಾ ಅವರನ್ನು ಕರೆತಂದ. ಕೌಸಲ್ಯಾ ಮನೆಮನೆಗೂ ಹೋಗಿ, ಕಾಯಿಸಿ ಆರಿಸಿದ ನೀರಿಗೆ ಸಕ್ಕರೆ, ಚಿಟಿಕೆ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸುವುದನ್ನು ತೋರಿಸಿದರು. ಬೋರಿಂಗಿನ ಹಿಡಿಗೆ ಹಗ್ಗ ಬಿಗಿಸಿದರು. ಕೊನೆಗೆ ರಾಮಲಕ್ಷ್ಮಮ್ಮನ ಮನೆಗೆ ಬಂದರು.

ಮುನಿವೆಂಕಟಯ್ಯ ಮುರಿದ ಪೈಪಿನ ಚೂರುಗಳ ನಡುವೆ ತಲೆ ತಗ್ಗಿಸಿ ಕೂತಿದ್ದ. “ಅಷ್ಟು ಗಟ್ಟಿ ಬಂಡೆ ಕಣಮ್ಮ. ಎಂಗೆ ಓಯ್ತು?” ಎಂದ.

“ಬಂಡೆ ಗಟ್ಟಿನೇ ಕಣ್ರೀ, ಆದ್ರೆ ಇಡಿಯಾಗಿಲ್ಲ. ಒಳಗೆಲ್ಲ ಬಿರುಕು. ಅದರಲ್ಲೇ ನೀರು ಓಡಾಡೋದು, ಅದಕ್ಕೇ ಬೋರಿಂಗಲ್ಲಿ ನೀರು ಸಿಗೋದು. ಮೇಲಿರೋ ಮಣ್ಣು ಜರಡಿ ಥರ, ಕೊಳೆ ಸೋಸುತ್ತೆ. ಬಿರುಕು ಏನೂ ಸೋಸಲ್ಲ. ಬಾವಿ ಅಂದ್ರೆ ಆ ಮಣ್ಣನ್ನೆಲ್ಲ ತೆಗೆದು ಬಿರುಕಿಗೆ ನೇರ ಬಾಗಿಲು ಇಟ್ಟ ಹಾಗೆ. ನೀವು ಆ ಬಾಗಿಲಲ್ಲೇ ಹೊಲಸು ಬಿಟ್ರಿ.”

ಆಮೇಲೆ ರಾಮಲಕ್ಷ್ಮಮ್ಮನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು, “ನಿಮ್ಮ ಮಗಳಿಗೆ ಭೇದಿ ಆಗೋದಿದ್ರೆ ಒಂದೆರಡು ದಿನದಲ್ಲೇ ಗೊತ್ತಾಗುತ್ತೆ. ಕೆಟ್ಟ ನೀರಿಂದ ಕಾಮಾಲೆನೂ ಬರುತ್ತೆ, ಅದು ಕಾಣಿಸ್ಕೊಳ್ಳೋಕೆ ವಾರಗಟ್ಟಲೆ ಹಿಡಿಯುತ್ತೆ. ಬಸುರಿಗೆ ಬಂದ್ರೆ ಜೀವಕ್ಕೇ ಅಪಾಯ. ದಿನಾ ಕಣ್ಣು ನೋಡ್ತಿರಿ. ಹಳದಿ ಕಂಡ್ರೆ ಒಂದು ಗಳಿಗೆನೂ ತಡ ಮಾಡ್ಬೇಡಿ, ಆಸ್ಪತ್ರೆಗೆ ಕರ್ಕೊಂಡ್ ಬನ್ನಿ.”

ಅಂದಿನಿಂದ ಬೆಳಗಾದರೆ ರಾಮಲಕ್ಷ್ಮಮ್ಮ ಮಗಳನ್ನು ಬಿಸಿಲಿಗೆ ತಿರುಗಿಸಿ ನಿಲ್ಲಿಸಿ, ರೆಪ್ಪೆ ಬಿಡಿಸಿ ನೋಡುತ್ತಿದ್ದಳು. ಒಂದು ದಿನ ಸಂಜೆಯ ಬೆಳಕಿನಲ್ಲಿ ಹಳದಿ ಕಂಡಂತಾಗಿ ಕೂಗಿಕೊಂಡುಬಿಟ್ಟಳು. ನೆರೆಮನೆಯ ರತ್ನಕ್ಕ ಬಂದು ನೋಡಿ, “ಇಲ್ಲ ಅಕ್ಕಾರ, ಬಿಳೇನ ಐತಿ. ನೀವು ಹೆದರಿ ಹಂಗ ಕಾಣತೈತಿ,” ಎಂದು ಭುಜ ಹಿಡಿದುಕೊಂಡಳು. “ಮಳಿಗೆ ಕಾಯ್ರಿ ಅಂತ ಹೇಳಿದ್ದೆ” ಎಂಬ ಮಾತು ಅವಳ ಬಾಯಲ್ಲಿ ಒಂದು ಸಲವೂ ಬರಲಿಲ್ಲ.

ಮುನಿವೆಂಕಟಯ್ಯ ಸುಮ್ಮನೆ ಕೂರಲಿಲ್ಲ. ದೂರದ ತೋಟದಿಂದ ಗಾಡಿಯಲ್ಲಿ ನೀರು ತಂದು ಕೇರಿಗೆಲ್ಲ ಹಂಚಿದ. ಕೆಲವರು ಅವನ ಮುಖ ನೋಡದೆ ಬಿಂದಿಗೆ ಒಡ್ಡುತ್ತಿದ್ದರು. ಬಾವಿಯ ಹೊಲಸು ತೆಗೆಸಿ, ಬ್ಲೀಚಿಂಗ್ ಪುಡಿ ಹಾಕಿಸಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿಸಿದ. ಬೋರಿಂಗಿಗೂ ಔಷಧಿ ಹಾಕಿ, ನೀರು ಪರೀಕ್ಷೆಯಾಗಿ, ಕುಡಿಯಬಹುದು ಎಂದು ಹೇಳಿದ ಮೇಲೇ ಹಗ್ಗ ಬಿಚ್ಚಿದ್ದು. ಕಕ್ಕಸಿಗೆ ಕೌಸಲ್ಯಾ ಅವರೇ ನಿಂತು ಜಾಗ ತೋರಿಸಿದರು. ಹಿತ್ತಲಿನಲ್ಲಿ ಅಲ್ಲ, ಬೋರಿಂಗಿನಿಂದ ದೂರ, ಅದಕ್ಕಿಂತ ತಗ್ಗಿನಲ್ಲಿ, ಕೆಳಗೆ ಮಣ್ಣು ಆಳವಾಗಿರುವ ಕಡೆ. ಬಂಡೆ ಮುಟ್ಟದಂತೆ, ಹೆಚ್ಚು ಆಳವಿಲ್ಲದ ಎರಡು ಗುಂಡಿ. ಒಂದು ತುಂಬಿದರೆ ಅದನ್ನು ಮುಚ್ಚಿಟ್ಟು ಇನ್ನೊಂದಕ್ಕೆ ತಿರುಗಿಸುವುದು.

ಅಷ್ಟರಲ್ಲಿ ಮೇಲಿನ ಮನೆಯ ಚಿಕ್ಕಹನುಮಯ್ಯನೂ ತನ್ನ ಬತ್ತಿದ ಬಾವಿಗೆ ಬಚ್ಚಲ ನೀರು ಬಿಡಲು ಕಾಲುವೆ ತೆಗೆಯುತ್ತಿದ್ದಾನೆಂದು ಸುದ್ದಿ ಬಂತು. ಮುನಿವೆಂಕಟಯ್ಯ ಹೋಗಿ ಆ ಕಾಲುವೆಯಲ್ಲೇ ಇಳಿದು ನಿಂತ.

“ನಮ್ದು ಕಗ್ಗಲ್ಲು, ಏನೂ ಆಗಲ್ಲ,” ಎಂದ ಚಿಕ್ಕಹನುಮಯ್ಯ.

“ನಾನೂ ಇಂಗೇ ಅಂದಿದ್ದೆ ಕಣಣ್ಣ. ನನ್ ಮಗಳ ಕಣ್ಣನ್ನ ನನ್ನೆಂಡ್ತಿ ದಿನಾ ಬೆಳಗ್ಗೆ ಬಿಡ್ಸಿ ನೋಡ್ತಾವ್ಳೆ. ಬಂದ್ ನೋಡು, ಆಮೇಲೆ ತೋಡು.”

ಚಿಕ್ಕಹನುಮಯ್ಯ ಗುದ್ದಲಿ ಕೆಳಗಿಟ್ಟ.

ದಿನ ತುಂಬಿ ನಾಗಮಣಿಗೆ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ತಾಯಿಯ ಕಣ್ಣೂ ಬಿಳುಪು, ಮಗುವಿನ ಕಣ್ಣೂ ಬಿಳುಪು. ಆದರೂ ಮನೆಗೆ ಬಂದ ಮೇಲೆ ರಾಮಲಕ್ಷ್ಮಮ್ಮನಿಗೆ ಪೂರ್ತಿ ಸಮಾಧಾನವಿರಲಿಲ್ಲ. ಕೇರಿಯಲ್ಲಿ ಎಳೆಮಕ್ಕಳಿಗೆ ಎಣ್ಣೆ ಹಚ್ಚಿ ಎರೆಯುವವಳು ಮುನಿಗಂಗಮ್ಮನೇ. ಸಾವಿನ ಬಾಯಿಂದ ಎದ್ದು ಬಂದಿದ್ದ ಅವಳು ಇವರ ಮನೆಯ ಮುಂದೆ ಹಾದುಹೋಗುವಾಗಲೂ ತಿರುಗಿ ನೋಡುತ್ತಿರಲಿಲ್ಲ. ಕರೆಯಲು ಯಾವ ಮುಖವಿದೆ ಎಂದು ರಾಮಲಕ್ಷ್ಮಮ್ಮ ತಾನೇ ಎರೆಯಲು ಕೂತಳು.

ಬಾಗಿಲಲ್ಲಿ ನೆರಳು ಬಿತ್ತು. ಮುನಿಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಇನ್ನೂ ಮೈಯಲ್ಲಿ ಮಾಂಸ ತುಂಬಿರಲಿಲ್ಲ.

“ಸರ್ಕಳಮ್ಮಿ ಅತ್ಲಾಗೆ,” ಎಂದಳು. “ಊರಿಗೆ ಮೊದ್ಲು ಓಡ್ಬಂದು ಏಳಿದೋಳು ನೀನೇ ಅಂತ ಮಾರಮ್ಮ ಅಂದ್ಲು. ಕೊಡು ಕೂಸ್ನ.”

ಅಕ್ಕತಂಗಿಯರೆ, ಅಣ್ಣತಮ್ಮಂದಿರೆ, ನಿಮ್ಮ ಹಿತ್ತಲಿನಲ್ಲೂ ಬತ್ತಿದ ಬಾವಿ ಇರಬಹುದು. ನೀರಿಲ್ಲ ಎಂದ ಮಾತ್ರಕ್ಕೆ ಅದು ಕಸದ ಗುಂಡಿಯಲ್ಲ. ಕಕ್ಕಸಿನ ಪೈಪು, ಬಚ್ಚಲ ನೀರು, ಸತ್ತ ಪ್ರಾಣಿ ಯಾವುದನ್ನೂ ಅದಕ್ಕೆ ಬಿಡಬೇಡಿ. ಕಕ್ಕಸು ಖಂಡಿತ ಕಟ್ಟಿಸಿ, ಆದರೆ ಗುಂಡಿ ತೋಡುವ ಮೊದಲು ಆರೋಗ್ಯ ಕಾರ್ಯಕರ್ತೆಯನ್ನು ಕರೆದು ಜಾಗ ತೋರಿಸಿ. ನೀರಿನ ಬಣ್ಣವೋ ರುಚಿಯೋ ಬದಲಾದರೆ ನಿಮ್ಮ ಮನೆಯಲ್ಲಿ ಮಾತ್ರ ಕಾಯಿಸಿ ಕುಡಿದು ಸುಮ್ಮನಾಗಬೇಡಿ, ಅಂದೇ ಕೇರಿಗೆಲ್ಲ ತಿಳಿಸಿ. ನೆಲದ ಮೇಲೆ ನಮ್ಮ ನಮ್ಮ ಮನೆಗೆ ಬೇಲಿ ಹಾಕಿಕೊಂಡಿದ್ದೇವೆ. ಬಂಡೆಯೊಳಗೆ ಹರಿಯುವ ನೀರಿಗೆ ಆ ಬೇಲಿ ಇಲ್ಲ. ಇವತ್ತು ನೀವು ಹಿತ್ತಲಿನಲ್ಲಿ ಸುರಿದದ್ದನ್ನು ನಾಳೆ ಯಾರದೋ ಮನೆಯ ಬಸುರಿ ಚೆಂಬಿನಲ್ಲಿ ಮೊಗೆದು ಕುಡಿಯುತ್ತಾಳೆ. ಸುರಿಯುವ ಮೊದಲು ಅವಳನ್ನು ನೆನೆಯಿರಿ.